ಪೇಂಟರ್ ಅಣ್ಣನ ಶುಕ್ರವಾರ: ಬಾಗೇಪಲ್ಲಿ ಕಡೆಯ ಒಂದು ಶಾಲೆಯ ಪ್ರಕರಣ ಅಧ್ಯಯನ

"ನಮ್ಮ ಅಕ್ಕ ಬಿತ್ತು ಸರ್."

ಹೋಬಳಿ ಮಟ್ಟದ ಖೋ ಖೋ ಪಂದ್ಯದ ದಿನ ನಮ್ಮ ಶಾಲೆಯ ಐದನೇ ತರಗತಿ ಹುಡುಗಿಯೊಬ್ಬಳು ಅಂಪೈರ್ ಹತ್ತಿರ ಓಡಿಹೋಗಿ ಹೇಳಿದ ಮಾತು ಇದು. ಏಳನೇ ತರಗತಿಯ ಆಟಗಾರ್ತಿ ಕಂಬದ ಹತ್ತಿರ ಜಾರಿ ಬಿದ್ದು ಮಂಡಿ ತರಚಿಕೊಂಡಿದ್ದಳು. ಈ ಹುಡುಗಿಗೆ ಗಾಬರಿ. ಸುತ್ತ ನಿಂತಿದ್ದ ಬೇರೆ ಶಾಲೆಯ ಮಕ್ಕಳು ಗೊಳ್ಳನೆ ನಕ್ಕರು. "ಅಕ್ಕ ಏನು ಮಾವಿನಕಾಯಾ, ಬಿತ್ತು ಅನ್ನೋಕೆ?" ಅಂದ ಒಬ್ಬ. ಆ ಪಂದ್ಯ ಎಷ್ಟು ಪಾಯಿಂಟಿನಲ್ಲಿ ಸೋತೆವು ಅಂತ ನನಗೆ ನೆನಪಿಲ್ಲ. ಆ ನಗು ಮಾತ್ರ ಇನ್ನೂ ಕಿವಿಯಲ್ಲಿದೆ. ಹುಡುಗಿ ಮುಂದೆ ಒಂದು ತಿಂಗಳು ಕ್ಲಾಸಿನಲ್ಲಿ ಕನ್ನಡದಲ್ಲಿ ಬಾಯೇ ಬಿಡಲಿಲ್ಲ. ಕೇಳಿದ್ದಕ್ಕೆಲ್ಲ ತಲೆ ಆಡಿಸುತ್ತಿದ್ದಳು, ಅಷ್ಟೇ.

ಅವಳ ತಪ್ಪಿಗೆ ಕಾರಣ ಇದೆ. ಬಾಗೇಪಲ್ಲಿ ತಾಲ್ಲೂಕಿನಲ್ಲಿ ಬಹಳಷ್ಟು ಮಕ್ಕಳ ಮನೆಮಾತು ತೆಲುಗು. ತೆಲುಗಿನಲ್ಲಿ ಹೆಂಗಸು ಬಂದರೂ ದನ ಬಂದರೂ ಕ್ರಿಯಾಪದ ಒಂದೇ, "ವಚ್ಚಿಂದಿ". ಅಮ್ಮ ವಚ್ಚಿಂದಿ, ಆವು ವಚ್ಚಿಂದಿ. ಮನೆಯಲ್ಲಿ ಹಾಗೆ ಮಾತಾಡುವ ಮಗು ಕನ್ನಡಕ್ಕೆ ಬಂದಾಗ "ಅಮ್ಮ ಬಂತು", "ಅಕ್ಕ ಬಿತ್ತು" ಅನ್ನುತ್ತದೆ. ಮಗು ತನಗೆ ಗೊತ್ತಿರುವ ವ್ಯಾಕರಣವನ್ನು ಸರಿಯಾಗಿಯೇ ಬಳಸುತ್ತಿದೆ. ಭಾಷೆ ಮಾತ್ರ ಬದಲಾಗಿದೆ. ಈ ಮಾತನ್ನು ನನಗೆ ಯಾವ ತರಬೇತಿಯಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಚಿಂತಾಮಣಿ ಕಡೆಯವಳು, ಎರಡೂ ಭಾಷೆ ಕೇಳಿಕೊಂಡೇ ಬೆಳೆದವಳು. ಆದರೂ ಅಲ್ಲಿಯವರೆಗೆ ಅದನ್ನು ಬರೀ ತಪ್ಪು ಅಂತಲೇ ಕೆಂಪು ಶಾಯಿಯಲ್ಲಿ ಗೀಟು ಹಾಕುತ್ತಿದ್ದೆ.

ಈಗ ಶಾಲೆಯ ವಿಷಯ. ಒಂದರಿಂದ ಏಳನೇ ತರಗತಿವರೆಗಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಆಂಧ್ರದ ಗಡಿ ಕೂಗಳತೆ ದೂರ. ಮಳೆ ಆಧಾರದ ನೆಲ, ಕಡಲೆಕಾಯಿ, ರಾಗಿ. ನಾನು ನಾಲ್ಕು ಮತ್ತು ಐದನೇ ತರಗತಿ ನೋಡಿಕೊಳ್ಳುತ್ತೇನೆ. ಊರಿನ ಹೆಸರು ಇಲ್ಲಿ ಬೇಡ.

ಆಟಕ್ಕೆ, ಭಾಷೆಗೆ, ಚಿತ್ರಕಲೆಗೆ ಬೇರೆಯೇ ಶಿಕ್ಷಕರು ಬೇಕು ಅನ್ನುವುದು ನಮ್ಮ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಹಳೆಯ ಆಸೆ. ಕಾನೂನಿನಲ್ಲಿ ಇದಕ್ಕೆ ಅರ್ಧ ದಾರಿ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಯಲ್ಲಿ 100ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಕಲೆ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯ ಶಿಕ್ಷಣ ಈ ಮೂರಕ್ಕೂ ಅರೆಕಾಲಿಕ ಬೋಧಕರು ಇರಬೇಕು. ನಮ್ಮಂಥ ಚಿಕ್ಕ ಶಾಲೆ ಆ ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕನೇ ತರಗತಿಯ ಮಗುವಂತೂ ಆ ಸಾಲಿನಲ್ಲಿ ಇಲ್ಲವೇ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ. ಕೈ ಕಾಲು ನಾಲಿಗೆ ಮೂರೂ ಬಗ್ಗುವ ವಯಸ್ಸು ಅದೇ ಅಲ್ವಾ?

ಹಾಗಾಗಿ ಒಂದು ವರ್ಷ ಜೂನ್‌ನಲ್ಲಿ ನಾವೇ ವ್ಯವಸ್ಥೆ ಮಾಡಿಕೊಂಡೆವು. ಪಕ್ಕದ ಶಾಲೆಯ ದೈಹಿಕ ಶಿಕ್ಷಣದ ಸರ್ ವಾರಕ್ಕೆ ಒಂದು ಮಧ್ಯಾಹ್ನ ಬರಲು ಒಪ್ಪಿದರು. ಇಂಗ್ಲಿಷಿಗೆ ಬಿ.ಎಡ್. ಮುಗಿಸಿ ಮನೆಯಲ್ಲಿದ್ದ ಒಬ್ಬ ಹುಡುಗಿ ಸಿಕ್ಕಳು. ಚಿತ್ರಕಲೆಗೆ ಯಾರೂ ಸಿಗಲಿಲ್ಲ. ಚಿತ್ರಕಲಾ ಶಿಕ್ಷಕರು ನಮ್ಮ ಕಡೆ ಹೈಸ್ಕೂಲಿನಲ್ಲೇ ಅಪರೂಪ, ಪ್ರೈಮರಿಯಲ್ಲಿ ಎಲ್ಲಿಂದ ತರುವುದು? ಕೊನೆಗೆ ಎಸ್‌ಡಿಎಂಸಿ ಸದಸ್ಯರೊಬ್ಬರು ಬಾಗೇಪಲ್ಲಿ ಟೌನಿನಿಂದ ಬೋರ್ಡ್ ಬರೆಯುವ ಪೇಂಟರ್ ಒಬ್ಬರನ್ನು ಕರೆತಂದರು. ಲಾರಿ ಹಿಂಬದಿ, ಅಂಗಡಿ ಬೋರ್ಡು, ಶಾಲೆ ಗೋಡೆ ಬರೆದು ಮೂವತ್ತು ವರ್ಷ ಬದುಕಿದವರು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಮ್ಮಿಯಾಗಿತ್ತು. ಬಸ್ ಚಾರ್ಜು, ಮಧ್ಯಾಹ್ನದ ಊಟ, ಹಳೆಯ ವಿದ್ಯಾರ್ಥಿಗಳು ಸೇರಿಸಿ ಕೊಡುವ ಒಂದಿಷ್ಟು ದುಡ್ಡು. ಶುಕ್ರವಾರ ಬರುತ್ತೇನೆ ಅಂದರು.

"ಪೇಂಟರ್ ಪಾಠ ಮಾಡ್ತಾರಾ?" ಅಂತ ಸ್ಟಾಫ್ ರೂಮಿನಲ್ಲಿ ಒಂದು ಮಾತು ಬಂತು. ನನಗೂ ಒಳಗೊಳಗೆ ಅದೇ ಅನುಮಾನ ಇತ್ತು ಅಂತ ಇಲ್ಲಿ ಹೇಳಿಬಿಡಬೇಕು. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ಬಡಿದದ್ದಕ್ಕೇ 2023ರಲ್ಲಿ ಪದ್ಮಶ್ರೀ ಬಂತು. ಆದರೂ ತಮಟೆ ಬಲ್ಲ ತಾತ, ಬೋರ್ಡ್ ಬರೆಯುವ ಅಣ್ಣ ಇವರನ್ನು ಮೇಷ್ಟ್ರು ಅಂತ ಒಪ್ಪಿಕೊಳ್ಳೋಕೆ ನಮಗೆ ಟೈಮ್ ಬೇಕು.

ಮೊದಲ ಮೂರು ತಿಂಗಳು ವ್ಯರ್ಥವಾಯಿತು. ಬಂದವರ ತಪ್ಪಲ್ಲ, ನಮ್ಮದು. ವಿಶೇಷ ತರಗತಿ ಶುರುವಾದ ಕೂಡಲೇ ನಾವು ತರಗತಿ ಶಿಕ್ಷಕರೆಲ್ಲ ಎದ್ದು ಹೊರಗೆ ಹೋಗುತ್ತಿದ್ದೆವು. ಆ ನಲವತ್ತು ನಿಮಿಷ ನಮಗೆ ವರದಾನ. ಮಕ್ಕಳ ವಿವರ ಕಂಪ್ಯೂಟರಿಗೆ ತುಂಬುವ ಸ್ಯಾಟ್ಸ್ ಎಂಟ್ರಿ, ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ಬಾಕಿ ಬಿದ್ದ ರಿಜಿಸ್ಟರು. ಸುಮ್ನೆ ಕೂತು ಹರಟೆ ಹೊಡೆಯುತ್ತಿದ್ದೆವು ಅಂತ ಯಾರೂ ತಿಳಿಯಬಾರದು, ಆ ಕೆಲಸಗಳೂ ಮುಗಿಯಲೇಬೇಕು. ಆದರೆ ಒಳಗೆ ಏನು ನಡೆಯುತ್ತಿದೆ ಅಂತ ನಮಗೆ ಗೊತ್ತಿರಲಿಲ್ಲ. ಸೋಮವಾರ ನಾನು ಪಾಠ ಶುರು ಮಾಡುವಾಗ ಶುಕ್ರವಾರದ ಸುಳಿವೇ ಇರುತ್ತಿರಲಿಲ್ಲ. ಮಕ್ಕಳ ಪಾಲಿಗೆ ಪೇಂಟರ್ ಅಣ್ಣ ಒಂದು ಲೋಕ, ಟೀಚರ್ ಇನ್ನೊಂದು ಲೋಕ.

ಆಗಸ್ಟ್‌ನಲ್ಲಿ ಆ ಹೋಬಳಿ ಪಂದ್ಯ ಆಯಿತು. ಅದಾದ ಕೆಲವು ವಾರಕ್ಕೆ ಒಂದು ಶುಕ್ರವಾರ ಜೋರು ಮಳೆ. ಆಫೀಸ್ ರೂಮು ಸೋರುತ್ತಿತ್ತು. ರಿಜಿಸ್ಟರ್ ಎತ್ತಿಕೊಂಡು ನಾನು ಕ್ಲಾಸಿನಲ್ಲೇ ಹಿಂದುಗಡೆ ಕೂತೆ. ಬರೆಯುವ ಕೆಲಸ ಅಲ್ಲಿಗೇ ನಿಂತಿತು.

ಪೇಂಟರ್ ಅಣ್ಣ ಮಕ್ಕಳಿಂದ ಚಿತ್ರ ಬರೆಸುತ್ತಿರಲಿಲ್ಲ. ಅಕ್ಷರ ಬರೆಸುತ್ತಿದ್ದರು. ಒಂದು ದಾರವನ್ನು ನೀಲಿ ಪುಡಿಯಲ್ಲಿ ಹೊರಳಿಸಿ, ಎರಡು ಮಕ್ಕಳ ಕೈಗೆ ಆ ತುದಿ ಈ ತುದಿ ಕೊಟ್ಟು, ಹಲಗೆಗೆ ಬಿಗಿಯಾಗಿ ಹಿಡಿಸುವುದು. ನಡುವೆ ದಾರ ಎಳೆದು "ಟಪ್" ಅಂತ ಬಿಡುವುದು. ಹಲಗೆ ಮೇಲೆ ಸೊಟ್ಟಗಾಗದ ನೀಲಿ ಗೆರೆ. ಹಾಗೆ ಮೂರು ಗೆರೆ ಹೊಡೆಸಿದರು. ಮೇಲಿನದು ತಲೆಕಟ್ಟಿಗೆ, ನಡುವಿನದು ಅಕ್ಷರದ ಪಾದಕ್ಕೆ, ಕೆಳಗಿನದು ಒತ್ತಿಗೆ. "ಒತ್ತಿಗೆ ಜಾಗ ಬಿಡದವನು ಪೇಂಟರೇ ಅಲ್ಲ" ಅಂದರು. ಆಮೇಲೆ ಬರೆಯಲು ಕೊಟ್ಟ ಪದ ಚಿಕ್ಕಬಳ್ಳಾಪುರ.

ಈ ಪದವನ್ನು ನಾನು ವರ್ಷಾನುಗಟ್ಟಲೆ ಉಕ್ತಲೇಖನದಲ್ಲಿ ಕೊಟ್ಟಿದ್ದೇನೆ. ವರ್ಷಾನುಗಟ್ಟಲೆ "ಚಿಕಬಳಾಪುರ" ಅಂತ ವಾಪಸ್ ಬಂದಿದೆ. ಒತ್ತು ಬಿಡಬೇಡಿ ಅಂತ ಕೂಗಿದ್ದೇ ಬಂತು. ಪೇಂಟರ್ ಅಣ್ಣ ಒತ್ತಿನ ಮಾತನ್ನೇ ಎತ್ತಲಿಲ್ಲ. ಬರೆಯುವ ಮೊದಲು ಮಕ್ಕಳನ್ನು ಕೇಳಿದರು, "ಈ ಪದದಲ್ಲಿ ಮೂರನೇ ಗೆರೆಗೆ ಎಷ್ಟು ಜನ ಇಳೀತಾರೆ?" ಮಕ್ಕಳು ಪದವನ್ನು ಬಾಯಲ್ಲಿ ಜಗಿದರು. ಚಿಕ್ಕ... ಬಳ್ಳಾ... "ಇಬ್ಬರು!" ಅಂತ ಕೂಗಿದರು. ಇಬ್ಬರಿಗೆ ಜಾಗ ಬಿಟ್ಟೇ ಬರೆದರು. ಬಾಗೇಪಲ್ಲಿಯಲ್ಲಿ ಎಷ್ಟು ಜನ? ಒಬ್ಬರು. ಗೌರಿಬಿದನೂರಿನಲ್ಲಿ? ಯಾರೂ ಇಲ್ಲ. ಮಗು ಒತ್ತನ್ನು ಮೊದಲು ಕಿವಿಯಿಂದ ಎಣಿಸುತ್ತದೆ, ಆಮೇಲೆ ಕಣ್ಣಿಂದ ಜಾಗ ಹಿಡಿಯುತ್ತದೆ, ಕೈ ಕೊನೆಗೆ. ನಾನು ಇಷ್ಟು ದಿನ ಕೈಯಿಂದಲೇ ಶುರು ಮಾಡುತ್ತಿದ್ದೆ.

ಇನ್ನೊಂದು ನೋಡಿದೆ. ಅಜ್ಜಿ ಮನೆಯಲ್ಲಿದ್ದು ಗಡಿಯ ಆ ಕಡೆ ಒಂದೆರಡು ವರ್ಷ ಓದಿ ಬಂದ ಮಕ್ಕಳು ನಮ್ಮಲ್ಲಿದ್ದಾರೆ. ಅವರ ಗ, ದ, ನ, ರ, ವ ಎಲ್ಲದರ ತಲೆಯ ಮೇಲೂ ತೆಲುಗಿನ ತಲೆಕಟ್ಟು, ರೈಟ್ ಮಾರ್ಕ್ ಹಾಕಿದ ಹಾಗೆ. ನಾನು ಅದನ್ನೂ ಕೆಂಪು ಶಾಯಿಯಲ್ಲಿ ಹೊಡೆದು ಹಾಕುತ್ತಿದ್ದೆ. ಪೇಂಟರ್ ಅಣ್ಣ ಎರಡೂ ಭಾಷೆಯ ಬೋರ್ಡು ಬರೆದ ಕೈ. ಹಲಗೆ ಮೇಲೆ ಒಂದೇ ಅಕ್ಷರ ಎರಡು ಸಲ ಬರೆದು, ತಲೆ ಬರೆಯದೆ ಬಿಟ್ಟರು. "ಇದು ಯಾವ ಭಾಷೆ?" ಮಕ್ಕಳಿಗೆ ಗೊತ್ತಾಗಲಿಲ್ಲ. ಒಂದಕ್ಕೆ ರೈಟ್ ಮಾರ್ಕ್ ಇಟ್ಟರು, ತೆಲುಗಾಯಿತು. ಇನ್ನೊಂದಕ್ಕೆ ಅಡ್ಡಗೆರೆ ಎಳೆದರು, ಕನ್ನಡವಾಯಿತು. "ಅಣ್ಣ ತಮ್ಮ ಕಣಪ್ಪ. ಟೋಪಿ ಬೇರೆ ಅಷ್ಟೇ." ಎರಡು ಲಿಪಿಗೂ ಮೂಲ ಒಂದೇ, ಹಳೆಯ ಶಾಸನಗಳ ಕನ್ನಡ-ತೆಲುಗು ಲಿಪಿ. ಅದನ್ನು ನಾನು ಪರೀಕ್ಷೆಗೆ ಓದಿದ್ದೆ. ಮಕ್ಕಳಿಗೆ ಹೀಗೆ ಹೇಳಬಹುದು ಅಂತ ಮಾತ್ರ ಹೊಳೆದಿರಲಿಲ್ಲ.

ಆ ದಿನ ನನಗೆ ನಾಚಿಕೆಯೂ ಆಯಿತು, ಆಸೆಯೂ ಹುಟ್ಟಿತು. ಇಂಥ ಹನ್ನೆರಡು ಶುಕ್ರವಾರಗಳನ್ನು ಹಾಲಿನ ಲೆಕ್ಕಕ್ಕೆ ಕಳೆದುಕೊಂಡಿದ್ದೆ.

ದಸರಾ ರಜೆ ಮುಗಿದ ಮೇಲೆ ಮುಖ್ಯ ಶಿಕ್ಷಕರ ಹತ್ತಿರ ಕೂತು ಒಂದು ನಿಯಮ ಮಾಡಿಕೊಂಡೆವು. ವಿಶೇಷ ತರಗತಿ ನಡೆಯುವಾಗ ಆ ಕ್ಲಾಸಿನ ಶಿಕ್ಷಕರು ಒಳಗೇ ಇರಬೇಕು. ಉಸ್ತುವಾರಿ ಮಾಡಲು ಅಲ್ಲ, ಮಕ್ಕಳ ಜೊತೆ ಕೂತು ಕಲಿಯಲು. ಎಲ್ಲರಿಗೂ ಇದು ಇಷ್ಟವಾಗಲಿಲ್ಲ. ಬಿಡುವಿನ ನಲವತ್ತು ನಿಮಿಷ ಹೋಗುತ್ತದೆ, ರಿಜಿಸ್ಟರ್ ಯಾರು ಬರೆಯಬೇಕು ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ಗಂಟೆ ಎಲ್ಲರೂ ಕೂತು ಬರೆದು ಮುಗಿಸುವುದು ಅಂತ ಒಪ್ಪಿಕೊಂಡೆವು. ಒಬ್ಬರು ಕೊನೆವರೆಗೂ ಒಪ್ಪಲಿಲ್ಲ. ಅವರ ಕ್ಲಾಸಿನಲ್ಲಿ ಏನೂ ಬದಲಾಗಲೂ ಇಲ್ಲ.

ನಾನು ಚಾಪೆ ಮೇಲೆ ಮಕ್ಕಳ ನಡುವೆ ಕೂತೆ. ನನ್ನ ಗೆರೆ ಸೊಟ್ಟ ಹೋದಾಗ ಮಕ್ಕಳಿಗೆ ಹಬ್ಬ. "ಮಿಸ್, ಕೋಲು ಹಿಡ್ಕೊಳ್ಳಿ" ಅಂತ ನನಗೇ ಹೇಳಿಕೊಟ್ಟರು. ಪೇಂಟರುಗಳು ಎಡಗೈಯಲ್ಲಿ ಒಂದು ಕೋಲು ಹಿಡಿಯುತ್ತಾರೆ, ತುದಿಗೆ ಬಟ್ಟೆ ಉಂಡೆ. ಅದನ್ನು ಹಲಗೆಗೆ ಊರಿ, ಅದರ ಮೇಲೆ ಬಲಗೈ ಇಟ್ಟರೆ ಬ್ರಷ್ ನಡುಗುವುದಿಲ್ಲ, ಹಸಿ ಬಣ್ಣಕ್ಕೆ ಕೈ ತಾಗುವುದೂ ಇಲ್ಲ.

ಒಳಗೆ ಕೂತದ್ದರಿಂದಲೇ ಇನ್ನೊಂದೂ ಗೊತ್ತಾಯಿತು. ಪೇಂಟರ್ ಅಣ್ಣ ಎಡಗೈ ಹುಡುಗನೊಬ್ಬನ ಕೈಯಿಂದ ಬ್ರಷ್ ಕಿತ್ತು ಬಲಗೈಗೆ ಕೊಡುತ್ತಿದ್ದರು. ಹುಡುಗ ಪ್ರತಿ ಸಲ ಕುಗ್ಗಿ ಹೋಗುತ್ತಿದ್ದ. ಅವರಿಗೆ ಕೆಟ್ಟ ಮನಸ್ಸಿಲ್ಲ, ಅವರ ಗುರುಗಳು ಅವರಿಗೆ ಕಲಿಸಿದ್ದೇ ಹಾಗೆ. ಎಡಗೈ ಮಗುವಿನ ಕೈ ಬದಲಿಸಬಾರದು ಅಂತ ನಾನು ಮೆಲ್ಲಗೆ ಹೇಳಿದೆ. "ಬಣ್ಣ ಒರೆಸಿ ಹೋಗುತ್ತಲ್ಲಮ್ಮ" ಅಂದರು. ನಿಜ, ಎಡದಿಂದ ಬಲಕ್ಕೆ ಬರೆಯುವಾಗ ಎಡಗೈ ತಾನು ಬರೆದದ್ದರ ಮೇಲೇ ಹಾದು ಹೋಗುತ್ತದೆ. ಒಂದು ವಾರ ಯೋಚನೆ ಮಾಡಿ ಬಂದರು. ಕೋಲನ್ನು ಬಲಗೈಗೆ ಕೊಟ್ಟು, ಹಲಗೆಗೆ ಇನ್ನಷ್ಟು ಮೇಲೆ ಊರಿಸಿ, ಬ್ರಷ್ ಹಿಡಿದ ಎಡಗೈಯನ್ನು ಗೆರೆಯಿಂದ ಎತ್ತಿ ಹಿಡಿಯುವುದು ಕಲಿಸಿದರು. ಕಸುಬು ಅವರಿಗೆ ಗೊತ್ತು, ಮಗು ನನಗೆ ಗೊತ್ತು. ಒಬ್ಬರು ರೂಮಿನಿಂದ ಹೊರಗಿದ್ದರೆ ಆ ಹುಡುಗ ಇವತ್ತಿಗೂ ಬಲಗೈಯಲ್ಲೇ ಒದ್ದಾಡುತ್ತಿದ್ದ.

ಖೋ ಖೋ ಕಥೆ ಬೇರೆ ರೀತಿ ನಡೆಯಿತು. ಸರ್ ಚೆನ್ನಾಗಿ ಆಡಿಸುತ್ತಿದ್ದರು. ಎಂಟು ಜನ ಕೂರುತ್ತಾರೆ, ಒಬ್ಬರು ಮುಖ ಈ ಕಡೆ, ಪಕ್ಕದವರು ಆ ಕಡೆ. ಒಂಬತ್ತನೆಯವರು ಅಟ್ಟಿಸಿಕೊಂಡು ಓಡುತ್ತಾರೆ. ಒಂದು ದಿಕ್ಕು ಹಿಡಿದ ಮೇಲೆ ಕಂಬ ಮುಟ್ಟುವವರೆಗೆ ಹಿಂದೆ ತಿರುಗುವ ಹಾಗಿಲ್ಲ. ತಾವು ಓಡುವುದು ಬಿಟ್ಟು ಖೋ ಕೊಟ್ಟರೆ ಬೇರೆಯವರು ಎದ್ದು ಓಡುತ್ತಾರೆ. ಇಷ್ಟು ಒಳ್ಳೆಯ ಆಟದಲ್ಲಿ ನಮ್ಮ ಮಕ್ಕಳು ಬಾಯಿಂದ ಹೇಳುತ್ತಿದ್ದ ಏಕೈಕ ಪದ "ಖೋ".

ಆ ಹುಡುಗಿಯ ಮೌನ ನನ್ನ ತಲೆಯಲ್ಲಿತ್ತು. ಹೊರಗೆ ಕೂತ ಮಕ್ಕಳಿಂದ ಕಾಮೆಂಟರಿ ಹೇಳಿಸೋಣವಾ ಅಂತ ಸರ್ ಅವರನ್ನು ಕೇಳಿದೆ. ಪ್ಲಾಸ್ಟಿಕ್ ಪೈಪಿನ ತುಂಡೇ ಮೈಕು. ಆಟಗಾರರ ಬೆನ್ನಿಗೆ ನಂಬರ್ ಪೇಂಟರ್ ಅಣ್ಣನ ಮಕ್ಕಳೇ ಬರೆದುಕೊಟ್ಟರು. "ನಾಲ್ಕನೇ ನಂಬರ್ ಎದ್ದಳು... ಓಡಿದಳು... ಆರನೇ ನಂಬರಿಗೆ ಖೋ ಕೊಟ್ಟಳು, ಕೂತಳು..." ಮೊದಲ ವಾರ ಎಲ್ಲ "ಎದ್ದಿತು, ಓಡಿತು, ಕೂತಿತು". ಯಾರೂ ತಿದ್ದಬಾರದು ಅಂತ ಹೇಳಿದ್ದೆ. ಬರಬರುತ್ತ ಹುಡುಗರು ಆಡುವಾಗ "ಓಡಿದ, ಕೂತ", ಹುಡುಗಿಯರು ಆಡುವಾಗ "ಓಡಿದಳು, ಕೂತಳು", ನಾಯಿ ಅಡ್ಡ ಬಂದರೆ "ಬಂತು". ಒಂದು ದಿನ ನಿಜವಾಗಿಯೂ ನಾಯಿ ಅಡ್ಡ ಬಂತು, ಮೂರೂ ರೂಪ ಒಂದೇ ಉಸಿರಿನಲ್ಲಿ ಬಂದವು! ಇಪ್ಪತ್ತು ನಿಮಿಷದ ಆಟದಲ್ಲಿ ಒಂದು ಮಗು ಎಷ್ಟು ಕ್ರಿಯಾಪದ ಹೇಳುತ್ತದೆ ಲೆಕ್ಕ ಹಾಕಿ. ನನ್ನ ವ್ಯಾಕರಣದ ಪೀರಿಯಡ್‌ನಲ್ಲಿ ಅದು ಬಾಯಿ ತೆರೆಯುತ್ತಿದ್ದದ್ದು ಒಂದೋ ಎರಡೋ ಸಲ.

ಆ ಹುಡುಗಿ ಮೊದಮೊದಲು ಮೈಕು ಮುಟ್ಟಲಿಲ್ಲ. ನವೆಂಬರಿನಲ್ಲಿ ಒಂದು ದಿನ ಮೈಕು ಹಿಡಿದಿದ್ದವನು ನೀರು ಕುಡಿಯಲು ಹೋದ. ಆಟ ನಡೆಯುತ್ತಿತ್ತು, ಕಾಮೆಂಟರಿ ಇಲ್ಲ. ಅವಳೇ ಎತ್ತಿಕೊಂಡಳು. ನಾನು ಆ ಕಡೆ ನೋಡಲಿಲ್ಲ. ನೋಡಿದರೆ ನಿಲ್ಲಿಸಿಬಿಡುತ್ತಾಳೆ ಅಂತ ಭಯ.

ಮನೆಮಾತನ್ನು ಕ್ಲಾಸಿನಿಂದ ಹೊರಗಿಡಬೇಕು ಅನ್ನುವವರು ನಮ್ಮಲ್ಲಿ ಇದ್ದಾರೆ. ನಾನು ಒಪ್ಪುವುದಿಲ್ಲ. ಇದೇ ಸೀಮೆಯ ಕೈವಾರದ ತಾತಯ್ಯನವರು, ಅಂದರೆ ಯೋಗಿ ನಾರೇಯಣರು, ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದವರು. ಈ ನೆಲಕ್ಕೆ ಎರಡು ನಾಲಿಗೆ ಹೊಸದಲ್ಲ. ಪೇಂಟರ್ ಅಣ್ಣನ ಟೋಪಿ ಮಾತಿನಿಂದ ಧೈರ್ಯ ಬಂದು ನಾನು ಗೋಡೆಗೆ ಒಂದು ಚಾರ್ಟ್ ಹಾಕಿದೆ. ಒಂದು ಕಡೆ ಪ ಮನೆ, ಇನ್ನೊಂದು ಕಡೆ ಹ ಮನೆ. ಪಾಲು ಹಾಲು, ಪುಲಿ ಹುಲಿ, ಪಾಮು ಹಾವು, ಪಂದಿ ಹಂದಿ, ಪಂಡು ಹಣ್ಣು. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪಾವು ಅಂತಲೇ ಹೇಳುತ್ತಿದ್ದೆವು, ಆಮೇಲೆ ಪ ಹೋಗಿ ಹ ಬಂತು ಅಂತ ಹೇಳಿದೆ. ಮಕ್ಕಳೇ ಮನೆಯಿಂದ ಜೋಡಿ ಹುಡುಕಿ ತಂದರು. ಒಬ್ಬ ಎದ್ದು ನಿಂತು, "ಮಿಸ್, ಬಾಗೇಪಲ್ಲಿ ಅಂದ್ರೆ ಬಾಗೇಹಳ್ಳಿನಾ?" ಅಂದ. ಪಲ್ಲಿ, ಹಳ್ಳಿ ಎರಡೂ ಒಂದೇ ಮಾತು ಅಂತ ಅವನಿಗೆ ತಾನಾಗಿ ಹೊಳೆದಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಇಂಥ ಗಳಿಗೆ ನನಗೆ ಜಾಸ್ತಿ ಸಿಕ್ಕಿಲ್ಲ.

ಇಂಗ್ಲಿಷ್ ತರಗತಿ ಮಾತ್ರ ಸೋತಿತು. ತಂದೆ ತಾಯಂದಿರು ಜಾಸ್ತಿ ಆಸೆ ಇಟ್ಟಿದ್ದು ಅದರ ಮೇಲೆಯೇ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಇದೆ, ಆದರೂ ಮಗು ಮಾತಾಡುತ್ತಿಲ್ಲ ಅನ್ನುವುದು ಅವರ ಅಳಲು. ಬಂದ ಹುಡುಗಿ ಶ್ರದ್ಧೆಯವಳು. ಪದ್ಯ, ಫ್ಲ್ಯಾಶ್ ಕಾರ್ಡ್, ಹೆಸರು ಕೇಳುವುದು ಹೇಳುವುದು ಎಲ್ಲ ಮಾಡಿಸಿದಳು. ಆದರೆ ಅವಳಿಗೆ ಬೇರೆ ಕಡೆ ಕೆಲಸ ಸಿಕ್ಕಿ ಡಿಸೆಂಬರಿನಲ್ಲಿ ಹೊರಟಳು. ಬೆಳಗ್ಗೆ ಮೊದಲ ಪೀರಿಯಡ್ ಅವಳದು. ಆಗ ನಮ್ಮಲ್ಲಿ ಯಾರೂ ಒಳಗೆ ಕೂರಲು ಆಗಿರಲಿಲ್ಲ. ಎರಡು ಕ್ಲಾಸು ಒಟ್ಟಿಗೆ ನೋಡಬೇಕಾದ ಹೊತ್ತು ಅದು. ಅವಳು ಹೋದ ದಿನವೇ ಅವಳ ಪಾಠವೂ ಹೋಯಿತು. ಫ್ಲ್ಯಾಶ್ ಕಾರ್ಡುಗಳು ಬೀರುವಿನಲ್ಲಿವೆ. ಯಾವ ಕಾರ್ಡನ್ನು ಯಾವಾಗ, ಹೇಗೆ ತೋರಿಸುತ್ತಿದ್ದಳು ಅಂತ ಕೇಳಿದರೆ ನಮಗೆ ಉತ್ತರ ಇಲ್ಲ.

ಮಾರ್ಚ್‌ನಲ್ಲಿ ಒಂದು ಚಿಕ್ಕ ಪರೀಕ್ಷೆ ಮಾಡಿದೆ. ಅಕ್ಟೋಬರಿನಲ್ಲಿ ಕೊಟ್ಟ ಅದೇ ಉಕ್ತಲೇಖನ, ಅದೇ ಪದಗಳು. ಅಕ್ಟೋಬರಿನಲ್ಲಿ ಒತ್ತು ಸರಿ ಬರೆದವರು ಬೆರಳೆಣಿಕೆ. ಮಾರ್ಚ್‌ನಲ್ಲಿ ತಪ್ಪಿದವರು ಬೆರಳೆಣಿಕೆ. ಇದಕ್ಕೆಲ್ಲ ಪೇಂಟರ್ ಅಣ್ಣನೇ ಕಾರಣ ಅಂತ ನಾನು ಹೇಳಲಾರೆ. ಮಕ್ಕಳು ಆರು ತಿಂಗಳು ದೊಡ್ಡವರಾಗಿದ್ದರು, ನಾನೂ ಬದಲಾಗಿದ್ದೆ. ಆದರೆ ಬರೆಯುವ ಮೊದಲು ಪೆನ್ಸಿಲ್ ಹಿಡಿದು, ತುಟಿ ಅಲ್ಲಾಡಿಸಿ, "ಎಷ್ಟು ಜನ ಇಳೀತಾರೆ" ಅಂತ ಎಣಿಸುವುದನ್ನು ಕಣ್ಣಾರೆ ಕಂಡೆ.

ಮುಂದಿನ ವರ್ಷ ಪೇಂಟರ್ ಅಣ್ಣನಿಗೆ ಕಣ್ಣಿನ ತೊಂದರೆ ಶುರುವಾಯಿತು, ಬರುವುದು ನಿಂತಿತು. ದೈಹಿಕ ಶಿಕ್ಷಣದ ಸರ್ ಬೇರೆ ತಾಲ್ಲೂಕಿಗೆ ವರ್ಗವಾದರು. ಹೊಸಬರು ಯಾರೂ ಸಿಕ್ಕಿಲ್ಲ. ಶುಕ್ರವಾರದ ಪೀರಿಯಡ್ ಮಾತ್ರ ನಿಂತಿಲ್ಲ. ದಾರ, ನೀಲಿ ಪುಡಿ, ಎರಡು ಕೋಲು ನನ್ನ ಬೀರುವಿನಲ್ಲಿವೆ. ನನ್ನ ಅಕ್ಷರ ಅವರಷ್ಟು ಚೆಂದ ಬರುವುದಿಲ್ಲ, ಮೂರು ಗೆರೆ ಹೊಡೆಸಲು ಬರುತ್ತದೆ. ಕಾಮೆಂಟರಿಯನ್ನು ಈಗ ಮೂರನೇ ತರಗತಿಯ ಟೀಚರ್ ಸಹ ಕಬಡ್ಡಿಗೆ ಮಾಡಿಸುತ್ತಿದ್ದಾರೆ.

ಈ ಜೂನ್‌ನಲ್ಲಿ ಇಂಗ್ಲಿಷಿಗೆ ಇನ್ನೊಬ್ಬರನ್ನು ಹುಡುಕುತ್ತಿದ್ದೇವೆ. ಎಸ್‌ಡಿಎಂಸಿ ಸಭೆಯಲ್ಲಿ ನಾನು ಇಟ್ಟ ಬೇಡಿಕೆ ಒಂದೇ. ಅವರು ಯಾರೇ ಆಗಲಿ, ಅವರ ಪೀರಿಯಡ್ ಬೆಳಗ್ಗೆ ಮೊದಲನೆಯದು ಬೇಡ, ಊಟದ ನಂತರ ಇಡಿ. ಆ ಹೊತ್ತಿಗೆ ನಾನು ಚಾಪೆ ಮೇಲೆ ಕೂರಬಹುದು.